ಕೈಯಿಂದ ಕೈಗೆ ಕೊಡದ ಚಾಕು

ಮೇಡ್ಲೇರಿಯ ಕರಬಸಪ್ಪನ ಕಾರಿನಲ್ಲಿ ಸ್ಟೆಪ್ನಿ ಇರದಿದ್ದರೂ ಇರಬಹುದು, ಚಾಕು ಮಾತ್ರ ಇದ್ದೇ ಇರುತ್ತಿತ್ತು. ಮಡಚುವ ಚಾಕು, ಮರದ ಹಿಡಿ, ಗೇರಿನ ಪಕ್ಕದ ಗೂಡಿನಲ್ಲಿ ಅದರ ಜಾಗ. ರಾಣೇಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಇಪ್ಪತ್ತೆರಡು ವರ್ಷದಿಂದ ಹೊಲ ನೋಡುವ ಕೆಲಸ ಅವನದು. ರೈತರು ಬೀಜಕ್ಕೆಂದೇ ಬೆಳೆದ ಸೌತೆ, ಹೀರೆ, ಬದನೆಯನ್ನು ಸಾಲಿಗೊಂದರಂತೆ ಸೀಳಿ, ಬೀಜ ಬಲಿತಿದೆಯೋ ಇಲ್ಲವೋ ಹೇಳಬೇಕು. ಅವನ ಮಾತು ತಪ್ಪಿದ್ದು ಯಾರಿಗೂ ನೆನಪಿಲ್ಲ.

ಇಂಥ ಗಟ್ಟಿ ಆಳಿಗೆ ಒಂದೇ ಅಂಜಿಕೆ. ಚಾಕುವನ್ನು ಯಾರ ಕೈಗೂ ನೇರವಾಗಿ ಕೊಡುತ್ತಿರಲಿಲ್ಲ. ನೆಲದ ಮೇಲೆ ಇಡುವನು, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಚಾಕು ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆಂದು ತಾಯಿ ನೀಲಗಂಗವ್ವ ಹೇಳಿಕೊಟ್ಟಿದ್ದಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದನ್ನು ನಗುತ್ತಲೇ ಪಾಲಿಸುತ್ತಾರೆ. ಕರಬಸಪ್ಪ ಮಾತ್ರ ನಗುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಬದುವಿನ ಮೇಲೆ ಕುಳಿತಿದ್ದ ತಮ್ಮ ಶಶಿಕಾಂತ, ಸೌತೆಕಾಯಿ ಹೆಚ್ಚಲು "ಲಗೂ ಕೊಡೋ ಅಣ್ಣಾ" ಎಂದು ಕೈ ಚಾಚಿದ. ಇವನು ಮೈಮರೆತು ಚಾಕುವನ್ನು ಅಂಗೈಗೇ ಇಟ್ಟುಬಿಟ್ಟ. ಅದೇ ವಾರ ಕಾಲುವೆ ನೀರಿನ ಪಾಳಿಗಾಗಿ ಮಾತಿಗೆ ಮಾತು ಬೆಳೆಯಿತು. ಶಶಿಕಾಂತ ಸಂಸಾರ ಕಟ್ಟಿಕೊಂಡು ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಅಂಗಡಿ ಹಾಕಿದ, ಅಣ್ಣನ ಮುಖ ನೋಡುವುದನ್ನೇ ಬಿಟ್ಟ. ಅಲ್ಲ, ನೀರಿಗೆ ಕಚ್ಚಾಡಿದವರು ಚಾಕುವಿನ ಮೇಲೆ ತಪ್ಪು ಹೊರಿಸುವುದು ಯಾವ ನ್ಯಾಯ? ಆದರೆ ಹನ್ನೊಂದು ವರ್ಷ ಒಡಹುಟ್ಟಿದವನ ದನಿ ಕೇಳದವನ ಮುಂದೆ ನ್ಯಾಯ ಹೇಳಿ ಏನು ಪ್ರಯೋಜನ.

ಹೋದ ತಿಂಗಳು ತಮ್ಮನೇ ಫೋನು ಮಾಡಿದ. "ಅಣ್ಣಾ, ನಮ್ಮ ಭುವನಾಗ ಹಾವೇರಿ ವರ ಬಂದೈತಿ. ಮಾತುಕತಿಗೆ ದೊಡ್ಡಪ್ಪನ ಇರ್ಲಿಲ್ಲಂದ್ರ ಹೆಂಗ?" ಕರಬಸಪ್ಪ ಫೋನು ಇಟ್ಟು ಹೀರೆ ಸಾಲಿನ ನಡುವೆ ಕುಳಿತು ಅತ್ತ.

ಮಾತುಕತೆಯ ದಿನ ಬ್ಯಾಡಗಿಗೆ ಹೋಗಿ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾವೇರಿಗೆ ಹೊರಟ. ಮಳೆ, ಬೆಳೆ, ಮೆಣಸಿನಕಾಯಿಯ ಬಣ್ಣ, ಎಲ್ಲ ಮಾತಾಡಿದರು. ಹಳೆಯದನ್ನು ಇಬ್ಬರೂ ಮುಟ್ಟಲಿಲ್ಲ. ಮೋಟೆಬೆನ್ನೂರು ದಾಟಿದ ಮೇಲೆ ಹೆದ್ದಾರಿಯಲ್ಲಿ ಚುನಾವಣೆಯ ತಪಾಸಣೆ ನಡೆದಿತ್ತು. ದುರ್ಗೇಶ ಎಂಬ ಪೊಲೀಸ ಶಶಿಕಾಂತನ ಕಡೆಯ ಕಿಟಕಿಯಲ್ಲಿ ಬಗ್ಗಿದ.

"ಅದೇನ್ರೀ, ಚಾಕುನ? ಇಳೀಬ್ಯಾಡ್ರಿ. ಅಲ್ಲಿಂದನ ತಗದು ಇತ್ತ ಕೊಡ್ರಿ."

ಕರಬಸಪ್ಪ ಚಾಕು ಎತ್ತಿದ. ದಾಟಿಸಲೆಂದು ಶಶಿಕಾಂತ ನಡುವೆ ಕೈಯೊಡ್ಡಿದ. ಅದೇ ಅಂಗೈ! ಕರಬಸಪ್ಪನ ಚಾಕು ಹಿಡಿದ ಕೈ ಅಲ್ಲೇ ನಿಂತಿತು. ಇಳಿಯುವಂತಿಲ್ಲ, ಕೊಡುವಂತಿಲ್ಲ. ಎರಡು ಸೀಟುಗಳ ನಡುವೆ ಮೆಲ್ಲಗೆ ಇಟ್ಟ. ಹಾಳಾದ ಚಾಕು ಸರಕ್ಕನೆ ಜಾರಿ ಸೀಟಿನ ಕೆಳಗೆ ಹೋಯಿತು.

"ಮುಚ್ಚಿಡಾಕತ್ತೀರೇನ್ರಿ?" ದುರ್ಗೇಶನ ದನಿ ಏರಿತು. "ಗಾಡಿ ಸೈಡಿಗೆ ಹಾಕ್ರಿ."

ಠಾಣೆಯ ಬೆಂಚಿನ ಮೇಲೆ ಅಣ್ಣತಮ್ಮಂದಿರಿಬ್ಬರೂ ಕುಳಿತಾಗ ಹನ್ನೊಂದು ಗಂಟೆ, ಬೀಗರ ಮನೆಯಲ್ಲಿ ಚಹಾ ಕುಡಿಯಬೇಕಾದ ಹೊತ್ತು. ಎಸ್ಐ ಸುರೇಖಾ ಸ್ಕೇಲು ತರಿಸಿ ಅಲಗಿಗೆ ಹಿಡಿದರು. ಮೂರೂವರೆ ಇಂಚು.

"ಯಜಮಾನ್ರ, ಇಷ್ಟುದ್ದದ್ದು, ಅದೂ ಹೊಲದ ಕೆಲಸದ್ದು, ಕಾರಿನ್ಯಾಗ ಇಟ್ಕೊಂಡ್ರ ಗುನ್ನೆ ಅಲ್ಲ. ಒಂಬತ್ತು ಇಂಚು ದಾಟಿದ್ರ ಮಾತು ಬ್ಯಾರೆ. ಆದ್ರ ಕೇಳಿದಾಗ ಯಾಕ ಕೊಡಲಿಲ್ಲ? ಸೀಟಿನ ಬುಡಕ್ಕ ಯಾಕ ಹೋತು? ಅದನ್ನ ಬರಕೊಡ್ರಿ, ಹೋಗ್ರಿ."

"ಜಾರಿ ಬಿತ್ರಿ ಮೇಡಂ."

"ಮೊದಲ ಕೈಯಾಗ ಹಿಡದು ನಿಲ್ಲಿಸಿದ್ರಂತ. ಯಾಕ?"

ಕರಬಸಪ್ಪ ಹೇಳಿದರೆ ಹನ್ನೊಂದು ವರ್ಷದ ಹೊಲಸು ತಮ್ಮನ ಎದುರೇ ಹೊರಬೀಳಬೇಕು. ಅವ್ವನ ಇಂಥ ಮಾತುಗಳನ್ನು ಸಣ್ಣವನಿದ್ದಾಗಿನಿಂದ ಆಡಿಕೊಂಡು ನಕ್ಕವನು ಶಶಿಕಾಂತ. ಹೇಳದಿದ್ದರೆ ಬೆಂಚು ಬಿಟ್ಟು ಏಳುವ ಹಾಗಿಲ್ಲ. ಹನ್ನೆರಡಾಯಿತು, ಒಂದಾಯಿತು. ಬೀಗರ ಫೋನು ಎರಡು ಸಲ ಬಂತು. ಶಶಿಕಾಂತ ಎರಡು ಸಲವೂ "ಗಾಡಿ ಕೆಟ್ಟೈತ್ರಿ, ಹೊಂಟೇವ್ರಿ" ಎಂದ. ಮೂರನೆಯ ಸಲ ಎತ್ತಲೇ ಇಲ್ಲ.

"ಅಣ್ಣಾ, ಬಾಯಿ ಬಿಡು," ಎಂದ. ದನಿಯಲ್ಲಿ ಹಳೆಯ ಬಿಗಿ ಇತ್ತು. "ನನ್ನ ಮಗಳ ಬಾಳೇದ ಪ್ರಶ್ನೆ ಇದು. ನಿನ್ನ ನಂಬಿ ಬಂದದ್ದ ನಂದು ತಪ್ಪಾತು ನೋಡು."

ಆ ಬಿಗಿ ಕರಬಸಪ್ಪನಿಗೆ ಗೊತ್ತಿತ್ತು. ಕಾಲುವೆಯ ದಂಡೆಯಲ್ಲಿ ಕೇಳಿದ್ದು ಇದೇ. ಚಾಕು ಕೊಡದಿದ್ದರೂ ಕೈಬಿಟ್ಟು ಹೋಗುತ್ತಾನಲ್ಲ ಶಿವನೇ, ಎಂದುಕೊಂಡ. ಎದ್ದು ನಿಂತ. ಮೇಡಂ ಕಡೆ ನೋಡಿದನೇ ಹೊರತು ತಮ್ಮನ ಕಡೆ ನೋಡಲಿಲ್ಲ.

"ಬರಕೋರಿ ಮೇಡಂ. ಕೈಯಿಂದ ಕೈಗೆ ಚಾಕು ಕೊಟ್ರ ಜಗಳಾಗತೈತಿ ಅಂತಿದ್ಲು ನಮ್ಮವ್ವ. ಒಮ್ಮೆ ಇವನ ಕೈಗೆ ಕೊಟ್ಟಿದ್ದೆ. ಹನ್ನೊಂದು ವರ್ಷ ಮಾತಾಡಲಿಲ್ಲ ನನ್ನ ತಮ್ಮ. ಇವತ್ತ ಮತ್ತ ಅದ ಕೈ ಮುಂದ ಮಾಡಿದ. ಅಂಜಿದೆ. ಪೊಲೀಸರಿಗಲ್ರಿ, ಇವಗ ಅಂಜಿದೆ. ಮತ್ತೊಮ್ಮೆ ಇವನ್ನ ಕಳಕೊಂಡು ಬದುಕಾಕ ನನ್ನ ಕಡೆ ಆಗೂದಿಲ್ಲ."

ಬರೆಯುತ್ತಿದ್ದ ದುರ್ಗೇಶ ಪೆನ್ನು ನಿಲ್ಲಿಸಿದ. ಶಶಿಕಾಂತ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ಅವನು ನಗಲಿಲ್ಲ. ಕರಬಸಪ್ಪ ಸಹಿ ಹಾಕಿದ.

"ಆತು, ಹೋಗ್ರಿ ಇನ್ನ. ಬೀಗರಿಗೆ ಖರೇನ ಹೇಳ್ರಿ," ಎನ್ನುತ್ತ ಸುರೇಖಾ ಚಾಕುವನ್ನು ಮಡಚಿದರು. ಎದ್ದು ಬಾಗಿಲ ಬಳಿ ನಿಂತಿದ್ದ ಶಶಿಕಾಂತನ ಕಡೆಗೆ ಚಾಚಿದರು. "ತಗೋರಿ, ನಿಮ್ಮಣ್ಣಗ ಕೊಡ್ರಿ."

ಶಶಿಕಾಂತ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕಣ್ಣು ಕೆಂಪಗಾಗಿದ್ದವು.

"ಬ್ಯಾಡ್ರಿ ಮೇಡಂ," ಎಂದ. "ಟೇಬಲ್ ಮ್ಯಾಲ ಇಡ್ರಿ. ನಮ್ಮಣ್ಣ ತಗೋತಾನ."