ಖಾಲಿ ಬಂದ ನಕಲು ಪ್ರತಿ

ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಡಾಕ್ಟರು ರಜೆಯಲ್ಲಿರಬಹುದಿತ್ತು. ಪರೀಕ್ಷೆಗೆ ಕೊಟ್ಟ ನನ್ನ ರಕ್ತದ ಬಾಟಲಿಗೆ ಬೇರೆ ಯಾರದೋ ಚೀಟಿ ಅಂಟಿರಬಹುದಿತ್ತು. ಎಲ್ಲವೂ ಸರಿಯಾಗಿದ್ದು, ವರದಿಯಲ್ಲಿ ಮಾತ್ರ ಇರಬಾರದ್ದು ಇರಬಹುದಿತ್ತು. ಅದು ನನ್ನಿಂದ ಮಗಳಿಗೂ ಹೋಗಿರಬಹುದಿತ್ತು. ಮುಳಬಾಗಿಲಿನಿಂದ ಕೋಲಾರ ತಲುಪುವಷ್ಟರಲ್ಲಿ ಇಷ್ಟನ್ನೂ ಎರಡು ಸುತ್ತು ಚಿಂತಿಸಿ ಮುಗಿಸಿದ್ದೆ.

ಅಕ್ಕನಿಗೆ ಸ್ತನದ ಕ್ಯಾನ್ಸರ್. ತುಂಡಾದ ಡಿಎನ್‌ಎಯನ್ನು ರಿಪೇರಿ ಮಾಡುವ ಒಂದು ಜೀನ್‌ನಲ್ಲಿ ಅವಳಿಗೆ ಹುಟ್ಟಿನಿಂದಲೇ ದೋಷವಿದೆ, ತಂಗಿಯೂ ಪರೀಕ್ಷೆ ಮಾಡಿಸಲಿ ಎಂದಿದ್ದರು ಡಾಕ್ಟರು. ಆಸ್ಪತ್ರೆಯಲ್ಲಿ ವರದಿ ಕೊಡುವ ಕೌಂಟರಿನ ಗುಮಾಸ್ತರು ಒಂದು ಪುಸ್ತಕ ಮುಂದೆ ತಳ್ಳಿ, ಕಾರ್ಬನ್ ಇಟ್ಟು ಹೆಸರು ಬರೆದು ಸಹಿ ಹಾಕಿ ಎಂದರು. ಆ ನೀಲಿ ಹಾಳೆಯ ಮೇಣದಂಥ ವಾಸನೆಗೆ ಪಿಯುಸಿಯ ಬಯಾಲಜಿ ಮೇಡಂ ನೆನಪಾದರು...

ಅವರು ಶ್ರೀನಿವಾಸಪುರದಿಂದ ದಿನಾ ಮುಳಬಾಗಿಲಿಗೆ ಬರುತ್ತಿದ್ದರು. ನೋಟ್ಸನ್ನು ಕಾರ್ಬನ್ ಇಟ್ಟು ಎರಡು ಪ್ರತಿ ಬರೆಯಬೇಕು, ಒಂದು ಮನೆಗೆ, ಒಂದು ಕಾಲೇಜಿಗೆ. ಹಾಳೆ ಹಾಳಾದರೆ ನಿಮ್ಮದೇ ನಕಲನ್ನು ಪಕ್ಕದಲ್ಲಿಟ್ಟು ತುಂಬಿಸಿ, ಇನ್ನೊಬ್ಬರದ್ದನ್ನಲ್ಲ. ಇದು ಅವರ ಕಟ್ಟಳೆ.

ಬಸ್ಸು ತಪ್ಪಿದ ದಿನ ನಾನು ಬೈರಕೂರಿನಿಂದ ಟೊಮೆಟೊ ಟೆಂಪೋದಲ್ಲಿ ಬರುತ್ತಿದ್ದೆ. ಒಮ್ಮೆ ಕ್ರೇಟಿನಿಂದ ರಸ ಸೋರಿ ಕಾಲೇಜಿನ ಪ್ರತಿಯ ಅರ್ಧ ಪುಟ ಹೋಯಿತು. ಮನೆಯ ಪ್ರತಿ ತೆಗೆದರೆ ಅದು ಖಾಲಿ. ಕಾರ್ಬನ್ನನ್ನು ಉಲ್ಟಾ ಇಟ್ಟಿದ್ದೆ. ಹೇಳಲು ಹೆದರಿ, ಪಕ್ಕದ ಗೆಳತಿಯ ಪುಟ ನೋಡಿ ಬರೆದೆ. ಅವಳು ಬಿಟ್ಟಿದ್ದ ಸಾಲನ್ನು ನಾನೂ ಬಿಟ್ಟೆ.

ಮೇಡಂ ನನ್ನದೂ ಗೆಳತಿಯದೂ ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟು ಬೆರಳಾಡಿಸಿದರು. ಸಿಕ್ಕಿಬಿದ್ದೆ.

"ಏಮ್ಮಾ, ತೂತು ಮುಚ್ಚಿದ್ದೀಯ. ಆದ್ರೆ ಅವಳ ಬಟ್ಟೇಲಿ ತೇಪೆ ಹಾಕಿದ್ದೀಯಲ್ಲೇ?"

"ಕಾರ್ಬನ್ ಉಲ್ಟಾ ಇಟ್ಬಿಟ್ಟಿದ್ದೆ ಮೇಡಂ."

"ಅದನ್ನ ಹೇಳೋಕೆ ಏನ್ ಭಯ? ಜೀವಕೋಶಾನೂ ಹೀಗೇ ಮಾಡೋದು ಕಣೇ. ನಿನಗಿಂತ ನೀಟಾಗಿ."

ಆ ದಿನದ ಪಾಠ ಅದೇ ಆಯಿತು. ಡಿಎನ್‌ಎಯ ಎರಡೂ ಎಳೆ ಒಟ್ಟಿಗೆ ತುಂಡಾದಾಗ ತುದಿಗೆ ತುದಿ ಅಂಟಿಸಿದರೆ ನಡುವಿನ ಅಕ್ಷರಗಳು ಕಳೆದುಹೋಗಬಹುದು. ಅದಕ್ಕೇ ಕೋಶವು ವಿಭಜನೆಗೆಂದು ಮಾಡಿಟ್ಟ ತನ್ನದೇ ನಕಲನ್ನು ಹುಡುಕಿ, ಹೊಂದುವ ಜಾಗದಲ್ಲಿ ತುಂಡಿನ ತುದಿಯನ್ನು ತೂರಿಸಿ, ಅದನ್ನು ನೋಡಿಕೊಂಡು ಕಳೆದದ್ದನ್ನು ಬರೆದುಕೊಳ್ಳುತ್ತದೆ. ಅಮ್ಮನಿಂದ ಬಂದ ಪ್ರತಿಯನ್ನು ಅಪ್ಪನದ್ದು ನೋಡಿ ಸರಿಪಡಿಸಿದರೆ ಗಾಯವೇನೋ ಮಾಯುತ್ತದೆ, ಅಪ್ಪನ ಅಕ್ಷರವೂ ಜೊತೆಗೆ ಬರಬಹುದು. ಅಂಡ, ವೀರ್ಯ ತಯಾರಾಗುವಾಗ ಕೋಶ ತಾನೇ ಬೇಕೆಂದು ಕತ್ತರಿಸಿ ಇಂಥ ಅದಲುಬದಲು ಮಾಡುತ್ತದೆ. ಅಕ್ಕ ತಂಗಿ ಒಂದೇ ಅಚ್ಚಲ್ಲದಿರುವುದಕ್ಕೆ ಅದೂ ಒಂದು ಕಾರಣ... ನಾಚಿಕೆಯಿಂದ ತಲೆ ತಗ್ಗಿಸಿದ್ದವಳಿಗೆ ಇಷ್ಟು ಹೇಗೆ ನೆನಪುಳಿಯಿತೋ ಗೊತ್ತಿಲ್ಲ.

ಡಾಕ್ಟರು ವರದಿ ನೋಡಿ, ಆ ದೋಷ ನಿಮಗೆ ಬಂದಿಲ್ಲಮ್ಮ ಎಂದರು. ಎರಡು ನಿಮಿಷ ಸಮಾಧಾನವಾಗಿದ್ದೆ. ಆಮೇಲೆ ಇದನ್ನು ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ ಎಂಬ ಚಿಂತೆ ಹಿಡಿಯಿತು. ಕೊನೆಗೆ ಫೋನು ಮಾಡಿ ಹೇಳಿಯೇಬಿಟ್ಟೆ.

"ಹೋಗ್ಲಿ ಬಿಡೇ, ಒಬ್ಬಳಿಗಾದ್ರೂ ಸರಿ ಕಾಪಿ ಬಂದಿದೆ," ಎಂದಳು.

ಹೊರಡುವಾಗ ಗುಮಾಸ್ತರು ಕೂಗಿದರು. ಪುಸ್ತಕದ ಎರಡನೇ ಹಾಳೆ ಖಾಲಿ. ಮೇಲಿನದನ್ನು ತಿರುಗಿಸಿದರೆ ಹಿಂಬದಿಯಲ್ಲಿ ನನ್ನ ಹೆಸರು ನೀಲಿಯಾಗಿ, ಕನ್ನಡಿಯಲ್ಲಿ ಕಂಡಂತೆ ಮೂಡಿತ್ತು.

ಇದನ್ನು ತೋರಿಸಬೇಕಾದವರು ಒಬ್ಬರೇ. ಮೇಡಂ ತೀರಿಹೋಗಿ ಮೂರು ವರ್ಷ. ಸುದ್ದಿ ನನಗೆ ತಡವಾಗಿ ತಿಳಿದಿತ್ತು, ಹೋಗಲಾಗಲಿಲ್ಲ.

ಹೆಸರನ್ನು ಇನ್ನೊಮ್ಮೆ ಬರೆದುಕೊಟ್ಟೆ. ಬಸ್ಸಿನಲ್ಲಿ ಮಾಡಿದ ಅಷ್ಟೂ ಚಿಂತೆಯಲ್ಲಿ ಕಾರ್ಬನ್ನಿನ ಚಿಂತೆಯೊಂದು ಬಿಟ್ಟುಹೋಗಿತ್ತು.