ಕಿಟಕಿ ಕಡೆ ನೋಡುವ ಅಧ್ಯಕ್ಷೆ

ನಮ್ಮ ಬಡಾವಣೆ ಸಂಘದ ಅಧ್ಯಕ್ಷೆ ಮಾತಿಗೆ ನಿಂತರೆ ಮುಗಿಯಿತು, ಟ್ಯಾಂಕ್ ತೊಳೆಸುವ ವಿಷಯಕ್ಕೂ ಒಂದಿಡೀ ಸಂಜೆ ಬೇಕು. ಒಂದೊಂದು ಪದವನ್ನೂ ಬಾಯಿ ಅಗಲಿಸಿ, ಮಗುವಿಗೆ ತುತ್ತಿಡುವಷ್ಟು ನಿಧಾನವಾಗಿ ಆಡುತ್ತಾರೆ. ಯಾರಾದರೂ ನಡುವೆ ಬಾಯಿ ಹಾಕಿದರೆ, "ಒಬ್ಬೊಬ್ಬರೇ ಮಾತಾಡ್ರಪ್ಪ, ಆ ಕಿಟಕಿ ಕಡೆ ತಿರುಗಿ!" ಅಂತ ಗದರುತ್ತಾರೆ. ಎಲ್ಲರನ್ನೂ ಒಟ್ಟುಗೂಡಿಸಿದವರೆಂದು ಮೊನ್ನೆ ಅವರಿಗೆ ಸನ್ಮಾನವಾಯಿತು. ಫೋಟೋದವನು "ಮೇಡಂ, ಸ್ವಲ್ಪ ಇತ್ತ ನೋಡಿ" ಎಂದು ಗೋಗರೆದು ಸುಸ್ತಾದ. ಅವರು ಭಾಷಣ ಮುಗಿಯುವವರೆಗೂ ಕತ್ತು ತಿರುಗಿಸಲಿಲ್ಲ. ಫೋಟೋದಲ್ಲಿ ಚೆನ್ನಾಗಿ ಬಂದದ್ದು ಅವರ ಒಂದು ಕಿವಿ ಮಾತ್ರ. ಕಿಟಕಿ ಪಕ್ಕ ಕೂರುವುದು ವಾಚ್ ರಿಪೇರಿಯವನು. ಅವನಿಗೆ ಕಿವಿ ಕೇಳದು, ತುಟಿ ನೋಡಿಯೇ ಮಾತು ಹಿಡಿಯುತ್ತಾನೆ. ಬೇರೆ ಸಭೆಗಳಲ್ಲಿ ಉಳಿದವರು ನಕ್ಕದ್ದನ್ನು ನೋಡಿಕೊಂಡು ಆಮೇಲೆ ನಗುವ ಅವನು, ಅಧ್ಯಕ್ಷೆಯ ಹಳಸಲು ಜೋಕಿಗೆ ಅವತ್ತೂ ನಮ್ಮೆಲ್ಲರಿಗಿಂತ ಮೊದಲು ನಕ್ಕ.