ಬಗ್ಗಿದ್ದು ಬೆನ್ನು ಮಾತ್ರ

ಗಿರಿಜಕ್ಕ, ನಿಮ್ಮ ಫೆಲ್ಥಮ್‌ನಲ್ಲಿ ನಾಟಕಕ್ಕೆ ಹಾಲ್ ಸಿಗಲಿಲ್ಲ ಎಂದು ನಾನು ವರ್ಷ ವರ್ಷವೂ ಹೇಳಿದ್ದು ಸುಳ್ಳು. ಸಿಗಲಿಲ್ಲ ಎನ್ನಬೇಕಾದರೆ ಹುಡುಕಿರಬೇಕಲ್ಲ — ನಾನು ಹುಡುಕಿರಲೇ ಇಲ್ಲ.

ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳೆಲ್ಲ ಹ್ಯಾರೋದಲ್ಲೇ ಏಕೆ ಎಂದರೆ, ಅಧ್ಯಕ್ಷನಾದ ನನ್ನ ಮನೆ ಹ್ಯಾರೋದಲ್ಲಿದೆ. ಇದಕ್ಕಿಂತ ಘನವಾದ ಕಾರಣ ಇಲ್ಲ. ನೀವು ಕೇಳಿದ್ದಾದರೂ ಏನು? ವರ್ಷಕ್ಕೊಂದು ನಾಟಕ ಫೆಲ್ಥಮ್‌ನಲ್ಲಿ ಆಗಲಿ, ಮಂಡಿನೋವಿನ ಅತ್ತೆಯನ್ನು ಬಸ್ಸು ಬದಲಿಸಿ ಬದಲಿಸಿ ಹ್ಯಾರೋವರೆಗೆ ಕರೆತರಲಾಗದು, ಎಂದು.

ನಿಮ್ಮನ್ನು ಸಾಗಹಾಕುವ ಉಪಾಯ ಸಿಕ್ಕಿದ್ದು ಆಫೀಸಿನಲ್ಲಿ. ನನ್ನ ಜೊತೆ ಕೆಲಸ ಮಾಡುವ ಜಪಾನಿನ ಹಾರುಕೊ ಒಮ್ಮೆ ಊಟದ ಹೊತ್ತಿನಲ್ಲಿ ತನ್ನ ಊರಿನ ಸಂಸದನ ಮೇಲೆ ಹರಿಹಾಯ್ದಳು. ಆತ ಬೆಳಗ್ಗೆ ರೈಲು ನಿಲ್ದಾಣದ ಮುಂದೆ ನಿಂತು ಹೋಗಿಬರುವವರಿಗೆಲ್ಲ ಸೊಂಟ ಬಗ್ಗಿಸಿ ನಮಸ್ಕರಿಸುತ್ತಾನಂತೆ. ನಿಂತುಹೋದ ಬಸ್ಸನ್ನು ಮತ್ತೆ ಬಿಡಿಸಿ ಎಂದರೆ, ಇನ್ನೂ ಕೆಳಕ್ಕೆ ಬಗ್ಗಿ ಕ್ಷಮೆ ಕೇಳುತ್ತಾನಂತೆ. ಬಸ್ಸು ಬರಲೇ ಇಲ್ಲ. ಅವನು ಮಾತ್ರ ಪ್ರತಿ ಸಲವೂ ಗೆದ್ದು ಬಂದ. ಅವಳು ಹೇಳಿದ್ದು ದೂರು. ನಾನು ಕಲಿತದ್ದು ಪಾಠ.

ಆ ವರ್ಷದ ಮಹಾಸಭೆಯಲ್ಲಿ ನೀವು ಎದ್ದು ನಿಂತದ್ದೇ ತಡ, ವೇದಿಕೆಯಿಂದ ಇಳಿದು ಬಂದು ಮೂಗು ಮಂಡಿಗೆ ತಾಗುವಷ್ಟು ಬಗ್ಗಿದೆ. "ಕ್ಷಮಿಸಿ ಅಕ್ಕ, ಎಲ್ಲೂ ಹಾಲ್ ಸಿಗಲಿಲ್ಲ." ನೀವೇ ಗಾಬರಿಯಾದಿರಿ. "ಏಳ್ರೀ ಅಣ್ಣಾರ, ದೊಡ್ಡವ್ರು ಹಿಂಗ ಬಗ್ಗಬಾರದು." ಚಪ್ಪಾಳೆ ಬಿತ್ತು. ಅಧ್ಯಕ್ಷರ ಆಯ್ಕೆಯಲ್ಲಿ ನನ್ನ ಪರ ಮೊದಲು ಮೇಲೆದ್ದ ಕೈಯೂ ನಿಮ್ಮದೇ. ಅಲ್ಲಿಂದ ಮುಂದೆ ಪ್ರತಿ ವರ್ಷ ಬಗ್ಗಿದೆ, ಗೆದ್ದೆ. ಕನ್ನಡಿಯ ಮುಂದೆ ಅಭ್ಯಾಸವನ್ನೂ — ಹೌದು, ಮಾಡುತ್ತಿದ್ದೆ.

ಈ ವರ್ಷ ಬಗ್ಗಿದವನಿಗೆ ಏಳಲಾಗಲಿಲ್ಲ. ಸೊಂಟ ಹಿಡಿದುಕೊಂಡಿತು. ಜನ ಅದನ್ನೂ ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು, ನೀವೊಬ್ಬರೇ ಓಡಿಬಂದಿರಿ. ಆಮೇಲೆ ನಿಮ್ಮ ಏರ್‌ಪೋರ್ಟ್ ಕೆಲಸದ ಪಾಳಿ ಮುಗಿಸಿ, ಅದೇ ಬಸ್ಸುಗಳನ್ನು ಬದಲಿಸಿ, ನನ್ನ ಮನೆಗೆ ರೊಟ್ಟಿ-ಪಲ್ಯ ತಂದಿರಿ. "ನಮ್ಮ ಸಲುವಾಗಿ ಬಗ್ಗಿ ಬಗ್ಗಿ ನಿಮ್ಮ ನಡಾ ಹೋತು ನೋಡ್ರಿ," ಎಂದು ಕಣ್ಣೊರೆಸಿಕೊಂಡಿರಿ. ಆಗಲೇ ಹೇಳಬೇಕಿತ್ತು — ಬಾಯಲ್ಲಿ ರೊಟ್ಟಿ ಇತ್ತು. ಅಲ್ಲ, ಇದೂ ನೆಪವೇ. ನಾಚಿಕೆಯಾಗುತ್ತದೆ ಅಕ್ಕ.

ನಿಮ್ಮ ಅತ್ತೆ ನಮ್ಮ ಒಂದು ನಾಟಕವನ್ನೂ ನೋಡದೆ ಹೋದ ತಿಂಗಳು ಧಾರವಾಡಕ್ಕೆ ಮರಳಿಬಿಟ್ಟರು. ನಿನ್ನೆ ಮಲಗಿದಲ್ಲಿಂದಲೇ ಫೆಲ್ಥಮ್‌ನ ಒಂದು ಹಾಲ್‌ಗೆ ಫೋನ್ ಮಾಡಿದೆ. ಯಾವ ಶನಿವಾರ ಬೇಕು ಎಂದು ಕೇಳಿದರು, ಅಷ್ಟೇ.